ಎರಡನೇ ಮನೆಗೆ ಪಾಲಿದೆಯೇ?

ಬೆಂಗಳೂರಿನ ಒಂದು ಕಂಪನಿಯಲ್ಲಿ ಇಬ್ಬರು ಒಟ್ಟಿಗೆ ಕೆಲಸಕ್ಕಿದ್ದರು. ಆತನಿಗೆ ಹೆಂಡತಿಯೂ ಇಬ್ಬರು ಮಕ್ಕಳೂ ಇದ್ದರು. ಆಕೆಗೆ ಮೂವತ್ತಮೂರು, ಮದುವೆಯಾಗಿರಲಿಲ್ಲ. 1992ರಲ್ಲಿ ಆಕೆ ಕೆಲಸ ಬಿಟ್ಟು ಆತನ ಜೊತೆ ಮನೆ ಹೂಡಿದಳು. ಆತ ಆಕೆಯ ಹೆಸರಿನಲ್ಲಿ ಒಂದು ವ್ಯವಹಾರ ಶುರುಮಾಡಿದ, ಇಬ್ಬರೂ ಅದರಲ್ಲೇ ದುಡಿದರು. ಹದಿನೆಂಟು ವರ್ಷದ ಆ ಸಂಬಂಧ ಮುರಿದಾಗ ಆಕೆಯ ಕೈಯಲ್ಲಿ ವ್ಯವಹಾರವೂ ಉಳಿದಿರಲಿಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಆಕೆ ಕೋರ್ಟಿಗೆ ಹೋದಳು. ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿದರು, ಸೆಷನ್ಸ್ ಕೋರ್ಟೂ ಸರಿ ಎಂದಿತು. ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಆತನಿಗೆ ಹೆಂಡತಿ ಇದ್ದಾಳೆಂದು ಆಕೆಗೆ ಮೊದಲ ದಿನದಿಂದ ಗೊತ್ತಿತ್ತು, ಗೊತ್ತಿದ್ದೂ ಕಟ್ಟಿಕೊಂಡ ಸಂಬಂಧವನ್ನು ‘ಮದುವೆಯಂಥ ಸಂಬಂಧ’ ಎನ್ನಲಾಗದು ಎಂಬುದು ಕಾರಣ. ಅದೇ ತೀರ್ಪಿನಲ್ಲಿ, ಇಂಥ ಹೆಂಗಸರು ಬೀದಿಗೆ ಬೀಳದಂತೆ ಸಂಸತ್ತು ಏನಾದರೂ ಮಾಡಬೇಕು ಎಂಬ ಮಾತೂ ಇದೆ. ಸಂಸತ್ತು ಇದುವರೆಗೆ ಅದನ್ನು ಕಿವಿಗೆ ಹಾಕಿಕೊಂಡಿಲ್ಲ.

ಈ ಪ್ರಕರಣದಲ್ಲಿ ಚರ್ಚೆಯಾದದ್ದು ಜೀವನಾಂಶ ಮತ್ತು ಇರಲೊಂದು ಮನೆಯ ಬಗ್ಗೆ. ನಮ್ಮ ಊರುಗಳಲ್ಲಿ ಜಗಳ ಏಳುವುದು ಇನ್ನೂ ಮುಂದಿನ ಹಂತದಲ್ಲಿ, ಆತ ಸತ್ತ ಮೇಲೆ. ಹನ್ನೊಂದನೇ ದಿನದ ಊಟ ಮುಗಿಯುವ ಮೊದಲೇ ‘ಆ ಮನೆಯವರಿಗೂ ಪಾಲು ಕೊಡಬೇಕಾ?’ ಎಂಬ ಪ್ರಶ್ನೆ ಎದ್ದಿರುತ್ತದೆ. ಇಷ್ಟು ವರ್ಷ ನೋಡಿಕೊಂಡಿದ್ದಾಳೆ, ಆಸ್ಪತ್ರೆಗೆ ಓಡಾಡಿದ್ದಾಳೆ, ಏನಾದರೂ ಸಿಗಲೇಬೇಕು ಎನ್ನುವವರು ಒಂದು ಕಡೆ. ಒಂದು ಸಂಸಾರ ಹಾಳುಮಾಡಿದವಳಿಗೆ ಒಂದು ಗುಂಟೆಯೂ ಇಲ್ಲ ಎನ್ನುವವರು ಇನ್ನೊಂದು ಕಡೆ. ಕಾನೂನು ಈ ಎರಡೂ ಮಾತನ್ನು ಕೇಳುವುದಿಲ್ಲ. ಅದು ಕೇಳುವುದು ಮೂರೇ ಪ್ರಶ್ನೆ: ಪತ್ರ ಯಾರ ಹೆಸರಿನಲ್ಲಿದೆ, ಹಣ ಯಾರದು, ಮದುವೆ ಊರ್ಜಿತವೇ?

ಹೆಂಡತಿಗೇ ಎಷ್ಟಿದೆ?

‘ದಂಪತಿಯ ಆಸ್ತಿ’ ಎಂಬ ಕಲ್ಪನೆಯೇ ನಮ್ಮ ಕಾನೂನಿನಲ್ಲಿಲ್ಲ. ಅಮೆರಿಕದ ಧಾರಾವಾಹಿಗಳಲ್ಲಿ ವಿಚ್ಛೇದನವಾದ ಕೂಡಲೇ ಅರ್ಧ ಆಸ್ತಿ ಬರುವುದನ್ನು ನೋಡಿ ಇಲ್ಲೂ ಹಾಗೆ ಎಂದುಕೊಂಡವರು ಬಹಳ. ಭಾರತದಲ್ಲಿ ಗಂಡ ಸಂಪಾದಿಸಿ ತನ್ನ ಹೆಸರಿಗೆ ಬರೆಸಿಕೊಂಡ ಮನೆ ಗಂಡನದು, ಹೆಂಡತಿ ತನ್ನ ಹೆಸರಿಗೆ ಕೊಂಡದ್ದು ಹೆಂಡತಿಯದು. ಮೂವತ್ತು ವರ್ಷ ಆ ಮನೆಯಲ್ಲಿ ಅಡುಗೆ ಮಾಡಿದ್ದಕ್ಕೆ, ಮಕ್ಕಳನ್ನು ಸಾಕಿದ್ದಕ್ಕೆ ಪತ್ರದಲ್ಲಿ ಜಾಗವಿಲ್ಲ. ಗಂಡ ಬದುಕಿರುವಾಗ ಹೆಂಡತಿ ಕೇಳಬಹುದಾದದ್ದು ಜೀವನಾಂಶ ಮತ್ತು ವಾಸದ ಹಕ್ಕು, ಆಸ್ತಿಯಲ್ಲಿ ಪಾಲಲ್ಲ. ಇದಕ್ಕೆ ದೊಡ್ಡ ಅಪವಾದ ನಮ್ಮ ಪಕ್ಕದಲ್ಲೇ ಇದೆ. ಕಾರವಾರ ದಾಟಿ ಗೋವಾಕ್ಕೆ ಹೋದರೆ ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆ ಇನ್ನೂ ನಡೆಯುತ್ತಿದೆ. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಮದುವೆಯಾದ ದಿನದಿಂದ ಆಸ್ತಿ ಇಬ್ಬರಿಗೂ ಸೇರಿದ್ದು.

ತಾಳಿ ಕಟ್ಟಿಸಿಕೊಂಡ ಹೆಂಡತಿಗೇ ಗಂಡನ ಜೀವಿತಕಾಲದಲ್ಲಿ ಪಾಲಿಲ್ಲ ಎಂದಮೇಲೆ, ತಾಳಿ ಇಲ್ಲದವಳು ಎಷ್ಟೇ ವರ್ಷ ಜೊತೆಗಿದ್ದರೂ ‘ಜೊತೆಗಿದ್ದೆ’ ಎಂಬ ಒಂದೇ ಕಾರಣಕ್ಕೆ ಪಾಲು ಹುಟ್ಟುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧಗಳ ಪಟ್ಟಿಯಿಂದ ತೆಗೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಜೈಲು ತಪ್ಪಿತು ಅಷ್ಟೇ, ಹಕ್ಕು ಹುಟ್ಟಲಿಲ್ಲ.

ಗಂಡಸು ವಿಲ್ ಬರೆಯದೆ ಸತ್ತರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆತನ ಆಸ್ತಿ ಮೊದಲು ಹೋಗುವುದು ತಾಯಿ, ಹೆಂಡತಿ, ಮಕ್ಕಳಿಗೆ. ‘ಹೆಂಡತಿ’ ಎಂದರೆ ಊರ್ಜಿತ ಮದುವೆಯ ಹೆಂಡತಿ. 1955ರ ಮೇ 18ರಿಂದ ಹಿಂದೂ ವಿವಾಹ ಕಾಯ್ದೆ ಜಾರಿಯಲ್ಲಿದೆ. ಅಂದಿನಿಂದ ಒಬ್ಬ ಹೆಂಡತಿ ಬದುಕಿರುವಾಗ, ವಿಚ್ಛೇದನವಾಗದೆ ಆದ ಎರಡನೇ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ. ಧರ್ಮಸ್ಥಳದಲ್ಲಿ ಆದರೂ ಅಷ್ಟೇ, ಊರಿಗೆಲ್ಲ ಊಟ ಹಾಕಿದರೂ ಅಷ್ಟೇ. ಮೊದಲ ಹೆಂಡತಿ ‘ಮಾಡಿಕೊಳ್ಳಲಿ ಬಿಡಿ’ ಎಂದು ಛಾಪಾ ಕಾಗದದ ಮೇಲೆ ಒಪ್ಪಿಗೆ ಬರೆದುಕೊಟ್ಟಿದ್ದರೂ ಅಷ್ಟೇ. ಆ ಕಾಗದಕ್ಕೆ ಬೆಲೆ ಇಲ್ಲ ಎಂದು ಎಷ್ಟು ಹೇಳಿದರೂ ಜನ ಅದನ್ನು ಕಪಾಟಿನಲ್ಲಿ ಭದ್ರವಾಗಿ ಇಟ್ಟುಕೊಂಡಿರುತ್ತಾರೆ.

ಇಲ್ಲಿ ಒಂದು ಗೊಂದಲ ಪದೇ ಪದೇ ಬರುತ್ತದೆ. ಬಹುಕಾಲ ಗಂಡಹೆಂಡಿರಂತೆ ಬಾಳಿದವರನ್ನು ಗಂಡಹೆಂಡಿರೆಂದೇ ಊಹಿಸಬೇಕು ಎಂಬ ತತ್ವವೊಂದಿದೆ. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಸುಮಾರು 50 ವರ್ಷ ಒಟ್ಟಿಗೆ ಬಾಳಿದ ಜೋಡಿಯ ವಿಷಯದಲ್ಲಿ ಅದನ್ನೇ ಹೇಳಿದರು. ಅರ್ಧ ಶತಮಾನದ ಹಿಂದೆ ಆದ ಮದುವೆಗೆ ಪುರೋಹಿತರನ್ನೂ ಸಾಕ್ಷಿಗಳನ್ನೂ ಎಲ್ಲಿಂದ ಹುಡುಕಿ ತರುವುದು? ಈ ತೀರ್ಪನ್ನು ಹಿಡಿದು ‘ಹದಿನೈದು ವರ್ಷ ಜೊತೆಗಿದ್ದರೆ ಹೆಂಡತಿ ಆದಂತೆ’ ಎಂದು ಹೇಳಿಕೊಡುವವರಿದ್ದಾರೆ. ಅದು ಅರ್ಧ ಸತ್ಯ. ಆ ಊಹೆ ನಿಲ್ಲಬೇಕಾದರೆ ಇಬ್ಬರಿಗೂ ಮದುವೆಯಾಗಲು ಅಡ್ಡಿ ಇರಬಾರದು. ಇನ್ನೊಬ್ಬ ಹೆಂಡತಿ ಬದುಕಿದ್ದಾಳೆ ಎಂದು ತೋರಿಸಿದ ಕ್ಷಣ ಅದು ಬಿದ್ದುಹೋಗುತ್ತದೆ.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕೆಲವು ಸಮುದಾಯಗಳಲ್ಲಿ ಹಿರಿಯರ ಮುಂದೆ ಸೋಡಚೀಟಿ ಬರೆದುಕೊಟ್ಟು ಬಿಡುಗಡೆ ಮಾಡಿಕೊಳ್ಳುವ, ಆಮೇಲೆ ಉಡಿಕಿ, ಅಂದರೆ ಮರುಮದುವೆ, ಮಾಡಿಕೊಳ್ಳುವ ರೂಢಿ ಇತ್ತು. ರೂಢಿಯ ವಿಚ್ಛೇದನವನ್ನು ವಿವಾಹ ಕಾಯ್ದೆ ಉಳಿಸಿಕೊಂಡಿದೆ. ಆದರೆ ‘ನಮ್ಮಲ್ಲಿ ಹಾಗೆ ನಡೆಯುತ್ತೆ ಸ್ವಾಮಿ’ ಎಂದರೆ ಸಾಲದು. ಆ ರೂಢಿ ತಮ್ಮ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ದಾವೆಯಲ್ಲಿ ಸ್ಪಷ್ಟವಾಗಿ ಬರೆದು, ಸಾಕ್ಷಿಯಿಂದ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಸಾಬೀತಾದರೆ ಎರಡನೆಯವಳು ಪೂರ್ಣ ಹೆಂಡತಿ, ಆಗದಿದ್ದರೆ ಏನೂ ಅಲ್ಲ. ಇಂಥ ದಾವೆಗಳಲ್ಲಿ ಒಂದು ಹಳೇ ಚೀಟಿಯ ಮೇಲೆ ಹತ್ತಾರು ಎಕರೆ ನಿಂತಿರುತ್ತದೆ.

ಹಳೆಯ ಹಿಂದೂ ಕಾನೂನು ಈ ವಿಷಯದಲ್ಲಿ ಇಷ್ಟು ಕಟುವಾಗಿರಲಿಲ್ಲ ಎಂದರೆ ಆಶ್ಚರ್ಯವಾದೀತು. ಗಂಡಸೊಬ್ಬ ಸಾಯುವ ತನಕ ತನ್ನವಳಾಗಿಯೇ ಇಟ್ಟುಕೊಂಡಿದ್ದ ಹೆಂಗಸನ್ನು ಸ್ಮೃತಿಗಳು ಅವರುದ್ಧ ಸ್ತ್ರೀ ಎಂದವು, ಆತನ ಆಸ್ತಿಯಿಂದ ಆಕೆಗೆ ಜೀವನಾಂಶ ಸಲ್ಲಬೇಕೆಂದವು. ಆತ ಸತ್ತ ಮೇಲೂ ಆಕೆ ಆತನಿಗೆ ನಿಷ್ಠಳಾಗಿರಬೇಕು ಎಂಬ ಷರತ್ತಿತ್ತು. ಆಕೆ ಆತನ ಕುಟುಂಬದ ಮನೆಯಲ್ಲೇ ಇರಬೇಕಿಲ್ಲ, ಬೇರೆ ಮನೆಯಲ್ಲಿದ್ದರೂ ಸಾಕು ಎಂದು 1926ರಲ್ಲಿ ಪ್ರಿವಿ ಕೌನ್ಸಿಲ್ ಬಿಡಿಸಿ ಹೇಳಿತು. 1956ರ ಡಿಸೆಂಬರಿನಲ್ಲಿ ಬಂದ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಅವಲಂಬಿತರ ಪಟ್ಟಿ ಮಾಡುವಾಗ ಆಕೆಯನ್ನು ಕೈಬಿಟ್ಟಿತು. ಏಕಪತ್ನಿತ್ವವನ್ನು ತಂದ ಸುಧಾರಣೆಯ ಅಲೆಯಲ್ಲೇ ಈ ಬಾಗಿಲೂ ಮುಚ್ಚಿಕೊಂಡಿತು. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆದೆವು. ಆ ವಿನಿಮಯ ಒಟ್ಟಿನಲ್ಲಿ ಹೆಂಗಸರಿಗೆ ಒಳ್ಳೆಯದನ್ನೇ ಮಾಡಿತು ಎಂದು ನನ್ನ ಎಣಿಕೆ. ಆದರೆ ಅದರ ಬೆಲೆ ತೆತ್ತವರು ಯಾರು ಎಂಬುದೂ ಕಾಣಿಸುತ್ತದೆ.

ಮಕ್ಕಳ ಲೆಕ್ಕ ಬೇರೆ

ತಾಯಿಗೆ ಮುಚ್ಚಿದ ಬಾಗಿಲು ಮಕ್ಕಳಿಗೆ ತೆರೆದಿದೆ. ಇದನ್ನು ಪೂರ್ತಿಯಾಗಿ ತೆರೆದದ್ದು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ. ವಿವಾಹ ಕಾಯ್ದೆಯ 16ನೇ ಕಲಮು ಅನೂರ್ಜಿತ ಮದುವೆಯ ಮಕ್ಕಳನ್ನು ಔರಸ ಮಕ್ಕಳೆಂದೇ ಎಣಿಸುತ್ತದೆ, ಆದರೆ ಅವರ ಹಕ್ಕು ತಂದೆತಾಯಿಯ ಆಸ್ತಿಗೆ ಮಾತ್ರ ಎನ್ನುತ್ತದೆ. ‘ತಂದೆಯ ಆಸ್ತಿ’ ಎಂದರೆ ಸ್ವಯಾರ್ಜಿತ ಮಾತ್ರವೇ, ಪಿತ್ರಾರ್ಜಿತದಲ್ಲಿ ಆತನಿಗೆ ಬರುವ ಭಾಗವೂ ಸೇರುತ್ತದೆಯೇ? ಸ್ವಯಾರ್ಜಿತ ಮಾತ್ರ ಎಂದು ಹಲವು ತೀರ್ಪುಗಳು ಬಂದಿದ್ದವು. 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳು, ಹುಟ್ಟಿದ ಮಗು ಏನು ತಪ್ಪು ಮಾಡಿತು ಎಂಬ ನಿಲುವು ತಳೆದು ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದರು. ಹನ್ನೆರಡು ವರ್ಷ ಕಳೆದ ಮೇಲೆ, 2023ರ ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಮೂವರ ಪೀಠ ಉತ್ತರ ಕೊಟ್ಟಿತು: ತಂದೆ ಸಾಯುವ ಮುಂಚಿನ ಕ್ಷಣದಲ್ಲಿ ಕುಟುಂಬದಲ್ಲಿ ವಿಭಾಗವಾಗಿತ್ತು ಎಂದು ಕಲ್ಪಿಸಿಕೊಳ್ಳಿ, ಅದರಲ್ಲಿ ತಂದೆಗೆ ಎಷ್ಟು ಬರುತ್ತಿತ್ತೋ ಅಷ್ಟರಲ್ಲಿ ಈ ಮಕ್ಕಳಿಗೂ ಸಮಪಾಲು.

ಲೆಕ್ಕ ಹಾಕಿ ನೋಡೋಣ. ಒಟ್ಟು ಕುಟುಂಬದ 16 ಎಕರೆಯಲ್ಲಿ ಕಲ್ಪಿತ ವಿಭಾಗದಿಂದ ತಂದೆಯ ಪಾಲಿಗೆ 4 ಎಕರೆ ಬರುತ್ತದೆ ಎಂದುಕೊಳ್ಳಿ. ಆತನಿಗೆ ಹೆಂಡತಿ, ಅವಳ ಇಬ್ಬರು ಮಕ್ಕಳು, ಎರಡನೇ ಮನೆಯ ಒಬ್ಬ ಮಗಳು ಇದ್ದಾರೆ, ತಾಯಿ ಮೊದಲೇ ತೀರಿಕೊಂಡಿದ್ದಾರೆ. ಆ 4 ಎಕರೆ ನಾಲ್ವರಿಗೆ ತಲಾ ಒಂದೊಂದು ಎಕರೆ. ಉಳಿದ 12 ಎಕರೆಯ ಮೇಲೆ ಎರಡನೇ ಮನೆಯ ಮಗಳಿಗೆ ಹಕ್ಕಿಲ್ಲ, ಅವಳು ಆ ಅವಿಭಕ್ತ ಕುಟುಂಬದ ದಾಯಾದಿಯಾಗುವುದಿಲ್ಲ. ಹಾಗಾಗಿ ತಂದೆ ಬದುಕಿರುವಾಗ ವಿಭಾಗ ಕೇಳಲೂ ಬರುವುದಿಲ್ಲ. ತಂದೆ ತಾನೇ ಸಂಪಾದಿಸಿದ ಸೈಟು, ಬ್ಯಾಂಕಿನ ಹಣ ಇವುಗಳಲ್ಲಿ ನೇರವಾಗಿ ಕಾಲು ಭಾಗ. ಅವಳ ತಾಯಿಗೆ ಇವೆಲ್ಲದರಲ್ಲೂ ಸೊನ್ನೆ.

ಒಂದು ಸೂಕ್ಷ್ಮವನ್ನು ವಕೀಲರೂ ಕೆಲವೊಮ್ಮೆ ಹಾರಿಸಿಬಿಡುತ್ತಾರೆ. ಈ 16ನೇ ಕಲಮು ಅನ್ವಯವಾಗಲು ಒಂದು ಮದುವೆ ನಡೆದಿರಬೇಕು. ಅದು ಅನೂರ್ಜಿತವಾಗಿರಲಿ, ಆದರೆ ನಡೆದಿರಬೇಕು. ಶಾಸ್ತ್ರವೇ ಇಲ್ಲದೆ ಬರೀ ಜೊತೆಗಿದ್ದವರ ಮಗುವಿಗೆ ಈ ರಕ್ಷಣೆ ಸಿಗುವುದು ಕಷ್ಟ. ಅಂಥ ಮಗು ತಾಯಿಯ ಆಸ್ತಿಗೆ ವಾರಸು. ತಂದೆಯ ಆಸ್ತಿಯಿಂದ ಅದಕ್ಕೆ ಸಿಗುವುದು ಜೀವನಾಂಶ: ಗಂಡಾದರೆ ಅಪ್ರಾಪ್ತ ವಯಸ್ಸು ಮುಗಿಯುವ ತನಕ, ಹೆಣ್ಣಾದರೆ ಮದುವೆಯಾಗುವ ತನಕ. ಹೀಗೆ ಗುಡಿಯಲ್ಲಿ ಕದ್ದುಮುಚ್ಚಿ ಕಟ್ಟಿದ ಅರಿಶಿನದ ಕೊಂಬು ಕಟ್ಟಿಸಿಕೊಂಡವಳಿಗೆ ಏನೂ ಕೊಡದಿದ್ದರೂ, ಅವಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಎಕರೆಗಟ್ಟಲೆ ಕೊಡಬಹುದು. ಕಾನೂನಿನಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಾಣುವ ಜಾಗ ಇದು. ಎರಡನೇ ಮದುವೆ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದ ತನಕ ಶಿಕ್ಷೆ. ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ ಹತ್ತು ವರ್ಷದ ತನಕ. ಆ ಅಪರಾಧ ನಡೆದಿತ್ತು ಎಂದು ಸಾಬೀತು ಮಾಡುವುದೇ ಮಗುವಿನ ಹಕ್ಕಿಗೆ ಆಧಾರ.

ಸರ್ಕಾರಿ ನೌಕರಿಯ ವಿಷಯದಲ್ಲೂ ಇದೇ ಗೆರೆ. ಬಿಹಾರದ ಸರ್ಕಾರಿ ನೌಕರನೊಬ್ಬನ ಎರಡನೇ ಹೆಂಡತಿಗೆ ಕುಟುಂಬ ಪಿಂಚಣಿ ಇಲ್ಲ, ಅವಳ ಅಪ್ರಾಪ್ತ ಮಕ್ಕಳಿಗೆ ಇದೆ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್, ಕೆಪಿಟಿಸಿಎಲ್‌ನ ಲೈನ್‌ಮನ್ ಒಬ್ಬರ ಎರಡನೇ ಮದುವೆಯ ಮಗನ ಅನುಕಂಪದ ನೌಕರಿಯ ಅರ್ಜಿಯನ್ನು ಅದೊಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದಿತು.

ನಾಮಿನಿ ಎಂಬ ಭ್ರಮೆ

‘ಅವರು ನನ್ನನ್ನೇ ನಾಮಿನಿ ಮಾಡಿದ್ದಾರೆ’ ಎಂಬ ಧೈರ್ಯದಲ್ಲಿ ಇರುವವರು ಅನೇಕರು. ಭವಿಷ್ಯ ನಿಧಿಯ ನಿಯಮ ನೋಡಿ: ಸದಸ್ಯನಿಗೆ ಕುಟುಂಬ ಇದ್ದರೆ ಕುಟುಂಬದ ಹೊರಗಿನವರ ಹೆಸರಿಗೆ ಮಾಡಿದ ನಾಮನಿರ್ದೇಶನ ಅಸಿಂಧು. ಗ್ರಾಚ್ಯುಟಿಗೂ ಅದೇ ನಿಯಮ. ಕುಟುಂಬ ಎಂದರೆ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಮುಂತಾದವರು. ಅಂದಮೇಲೆ ಪಿಎಫ್ ಫಾರಂನಲ್ಲಿ ಆಕೆಯ ಹೆಸರು ಎಷ್ಟು ದಪ್ಪ ಅಕ್ಷರದಲ್ಲಿದ್ದರೂ ಪ್ರಯೋಜನವಿಲ್ಲ.

ಬ್ಯಾಂಕು, ಎಲ್ಐಸಿಗಳಲ್ಲಿ ಹೊರಗಿನವರನ್ನೂ ನಾಮಿನಿ ಮಾಡಬಹುದು. ಆದರೆ ನಾಮಿನಿ ಹಣವನ್ನು ಕೈಗೆ ತೆಗೆದುಕೊಳ್ಳುವವರೇ ಹೊರತು ಅದರ ಒಡೆಯರಲ್ಲ ಎಂದು ಸುಪ್ರೀಂ ಕೋರ್ಟ್ 1984ರಿಂದ ಹೇಳಿಕೊಂಡು ಬಂದಿದೆ. ಹಣ ತೆಗೆದುಕೊಂಡು ವಾರಸುದಾರರಿಗೆ ಒಪ್ಪಿಸಬೇಕು. ವಿಮಾ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ ಆಗುತ್ತದೆ. ಜೊತೆಗಾರ್ತಿ ಆ ಪಟ್ಟಿಯಲ್ಲಿಲ್ಲ.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ 2008ರ ಒಂದು ತೀರ್ಪು ಚೆನ್ನಾದ ಮಾದರಿ. ಕಲ್ಲಿದ್ದಲು ಗಣಿಯ ನೌಕರನೊಬ್ಬನಿಗೆ ಮೊದಲ ಹೆಂಡತಿಯಲ್ಲಿ ಮಕ್ಕಳಿರಲಿಲ್ಲ, ಎರಡನೆಯವಳಲ್ಲಿ ನಾಲ್ವರು. ನಾಮಿನಿ ಎರಡನೆಯವಳು. ಉತ್ತರಾಧಿಕಾರ ಪ್ರಮಾಣಪತ್ರವನ್ನು ಸುಪ್ರೀಂ ಕೋರ್ಟ್ ಎರಡನೆಯವಳಿಗೇ ಕೊಟ್ಟಿತು, ಆದರೆ ಮೊದಲ ಹೆಂಡತಿಯ ಐದನೇ ಒಂದು ಭಾಗವನ್ನು ಕಾಪಾಡಬೇಕೆಂದಿತು. ಉಳಿದ ನಾಲ್ಕು ಭಾಗ ನಾಲ್ಕು ಮಕ್ಕಳದು. ಹಣ ಎಣಿಸುವ ಕೈ ಎರಡನೆಯವಳದು, ಅದರಲ್ಲಿ ಅವಳ ಪಾಲು ಏನೂ ಇಲ್ಲ.

ಆತ ಕೊಡಬೇಕೆಂದಿದ್ದರೆ

ಕಾನೂನು ತಾನಾಗಿ ಕೊಡುವುದಿಲ್ಲ ಎಂದಷ್ಟೇ ಇದುವರೆಗೆ ಹೇಳಿದ್ದು. ಗಂಡಸು ತಾನಾಗಿ ಕೊಟ್ಟರೆ ತಡೆಯುವುದೂ ಇಲ್ಲ. ಸ್ವಯಾರ್ಜಿತ ಆಸ್ತಿಯನ್ನು ಹಿಂದೂ ಗಂಡಸು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು, ಹೆಂಡತಿಗೆ ಒಂದು ರೂಪಾಯಿ ಬಿಡದೆ ಕೂಡ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಹೆಂಡತಿ ಮಕ್ಕಳನ್ನು ಬಿಟ್ಟು ಹೊರಗಿನವಳಿಗೆ ಬರೆದ ವಿಲ್ಲನ್ನು ಕೋರ್ಟು ಅನುಮಾನದ ಕಣ್ಣಿನಿಂದಲೇ ನೋಡುತ್ತದೆ. ಆ ಅನುಮಾನ ಕಳೆಯುವ ಹೊಣೆ ವಿಲ್ ತಂದವಳದು. ಏಕೆ ಹೀಗೆ ಬರೆಯುತ್ತಿದ್ದೇನೆ, ಹೆಂಡತಿ ಮಕ್ಕಳಿಗೆ ಏನು ಕೊಟ್ಟಿದ್ದೇನೆ ಎಂದು ಅದರಲ್ಲೇ ನಾಲ್ಕು ಸಾಲು ಇದ್ದರೆ, ಸಾಕ್ಷಿಗಳು ವಯಸ್ಸಿನಲ್ಲಿ ಚಿಕ್ಕವರಾಗಿ ಮುಂದೆ ಕೋರ್ಟಿಗೆ ಬಂದು ಹೇಳಬಲ್ಲವರಾದರೆ, ಹೊಣೆ ಹಗುರವಾಗುತ್ತದೆ. ಮುಸ್ಲಿಮರು ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ವಿಲ್ ಬರೆಯುವಂತಿಲ್ಲ. ಅವರಲ್ಲಿ ನಿಕಾಹ್ ಆದ ಎರಡನೇ ಹೆಂಡತಿ ಪೂರ್ಣ ಹೆಂಡತಿಯೇ, ಆದ್ದರಿಂದ ಈ ಲೇಖನದ ಅರ್ಧ ತೊಡಕು ಅಲ್ಲಿ ಏಳುವುದೇ ಇಲ್ಲ.

ಗಿಫ್ಟ್ ಡೀಡ್, ಅಂದರೆ ದಾನಪತ್ರವೂ ಆಗುತ್ತದೆ. ‘ಅನೈತಿಕ ಸಂಬಂಧಕ್ಕೆ ಕೊಟ್ಟ ದಾನ ಊರ್ಜಿತವಲ್ಲ’ ಎಂದು ಹೆಂಡತಿಯ ಕಡೆಯವರು ವಾದ ಹೂಡುವುದು ಸಾಮಾನ್ಯ. 1960ರ ದಶಕದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿಟ್ಟಿದೆ. ಮುಂದೆ ಜೊತೆಗಿರಬೇಕು ಎಂಬ ಷರತ್ತಿನ ಮೇಲೆ ಕೊಟ್ಟದ್ದಾದರೆ ಕಾನೂನಿಗೆ ವಿರುದ್ಧ. ಆಗಿಹೋದ ಸಹವಾಸಕ್ಕೆ ಪ್ರತಿಯಾಗಿ, ಪ್ರೀತಿಯಿಂದ ಕೊಟ್ಟದ್ದಾದರೆ ದಾನ ಊರ್ಜಿತ. ಆ ಪ್ರಕರಣದಲ್ಲಿ ದಾನ ಬಿದ್ದುಹೋದದ್ದು ನೀತಿಯ ಕಾರಣಕ್ಕಲ್ಲ, ಆಸ್ತಿ ಒಟ್ಟು ಕುಟುಂಬದ್ದಾಗಿತ್ತು ಎಂಬ ಕಾರಣಕ್ಕೆ. ವಿಭಾಗವಾಗದ ಪಿತ್ರಾರ್ಜಿತದಲ್ಲಿ ತನ್ನ ಭಾಗವನ್ನು ದಾನ ಮಾಡುವ ಹಕ್ಕು ದಾಯಾದಿಗಿಲ್ಲ. ತಮಾಷೆಯೆಂದರೆ ಅದೇ ಭಾಗವನ್ನು ವಿಲ್ ಬರೆಯುವ ಹಕ್ಕು 1956ರ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನಲ್ಲಿ ಇದೆ. ಬದುಕಿರುವಾಗ ಕೊಡಲಾರದ್ದನ್ನು ಸತ್ತ ಮೇಲೆ ಕೊಡಬಹುದು.

ದಾನಪತ್ರ ನೋಂದಣಿಯಾಗಿ, ಪಡೆದವಳು ಒಪ್ಪಿಕೊಂಡ ಮೇಲೆ ಮನಸ್ಸು ಮುರಿಯಿತೆಂದು ಹಿಂದಕ್ಕೆ ಪಡೆಯಲಾಗದು. ಖರ್ಚು ಮಾತ್ರ ಹೆಚ್ಚು. ಹೆಂಡತಿ ಮಕ್ಕಳಿಗೆ ದಾನ ಕೊಡುವಾಗ ಇರುವ ಮುದ್ರಾಂಕ ಶುಲ್ಕದ ರಿಯಾಯಿತಿ ಇಲ್ಲಿಲ್ಲ. ಸಂಬಂಧಿಯಲ್ಲದವರಿಂದ ಬಂದ 50,000 ರೂಪಾಯಿ ಮೀರಿದ ಉಡುಗೊರೆ ಪಡೆದವರ ಆದಾಯವೆಂದೇ ಲೆಕ್ಕ, ಅದಕ್ಕೆ ಆದಾಯ ತೆರಿಗೆ. ವಿಲ್ ಮೂಲಕ ಬಂದರೆ ಈ ತೆರಿಗೆ ಇಲ್ಲ.

ಮೂರನೇ ದಾರಿ, ಮೊದಲೇ ಆಕೆಯ ಹೆಸರಿಗೆ ಸೈಟು ಕೊಡಿಸುವುದು. ಇದು ಹೆಚ್ಚು ಬಳಕೆಯಲ್ಲಿರುವ ದಾರಿ, ಹೆಚ್ಚು ಜಗಳದ್ದೂ ಹೌದು. ಪತ್ರ ಆಕೆಯ ಹೆಸರಿನಲ್ಲಿದ್ದರೆ ಆಸ್ತಿ ಆಕೆಯದು. ‘ಹಣ ನನ್ನದು, ಹೆಸರು ಮಾತ್ರ ಅವಳದು’ ಎಂದು ಆತ ಅಥವಾ ಆತನ ಮಕ್ಕಳು ಆಮೇಲೆ ದಾವೆ ಹಾಕಿದರೆ ಅವರಿಗೆ ಅಡ್ಡ ಬರುವುದು ಬೇನಾಮಿ ಕಾಯ್ದೆ. ಹೆಂಡತಿ ಮಕ್ಕಳ ಹೆಸರಿನಲ್ಲಿ ಕೊಂಡರೆ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಇನ್ನೊಬ್ಬಾಕೆಯ ಹೆಸರಿಗೆ ಇಲ್ಲ. ಹಾಗಾಗಿ ಆತ ‘ಅದು ನಿಜವಾಗಿ ನನ್ನದೇ’ ಎಂದು ಬಾಯಿಬಿಟ್ಟರೆ ದಾವೆಯೂ ಹೋಗುತ್ತದೆ, ಆಸ್ತಿ ಜಪ್ತಿಯಾಗುವ ಅಪಾಯವೂ ಬರುತ್ತದೆ.

ಆತನ ಹೆಸರಿನ ಮನೆಯಲ್ಲಿ ಆಕೆ ವಾಸವಿದ್ದು ಆತ ಸತ್ತರೆ? ಮಾಲೀಕತ್ವ ವಾರಸುದಾರರದು. ಹನ್ನೆರಡು ವರ್ಷ ದಾಟಿತು, ನನ್ನದಾಯಿತು ಎನ್ನುವ ವಾದ ನಿಲ್ಲುವುದಿಲ್ಲ, ಏಕೆಂದರೆ ಆಕೆ ಇದ್ದದ್ದು ಆತನ ಒಪ್ಪಿಗೆಯಿಂದ. ಆದರೆ ಬೀಗ ಒಡೆದು ಸಾಮಾನು ಎಸೆಯುವ ಹಕ್ಕು ವಾರಸುದಾರರಿಗೂ ಇಲ್ಲ. ಹಾಗೆ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸು ಪಡೆಯಬಹುದು. ವಾರಸುದಾರರು ನಿಯಮದಂತೆ ದಾವೆ ಹಾಕಿಯೇ ಬಿಡಿಸಿಕೊಳ್ಳಬೇಕು. ಇನ್ನು ವಂಶವೃಕ್ಷದಲ್ಲಿ ಆಕೆಯ ಹೆಸರು ಸೇರಿಸಿಕೊಂಡು, ಪೌತಿ ಖಾತೆ ಮಾಡಿಸಿಕೊಂಡು, ಪಹಣಿಯಲ್ಲಿ ಹೆಸರು ಬಂತೆಂದು ಸಮಾಧಾನ ಪಡುವವರಿದ್ದಾರೆ. ಅದು ಕಂದಾಯ ದಾಖಲೆ. ಸಿವಿಲ್ ಕೋರ್ಟಿನ ಮುಂದೆ ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ.

ಹೆಂಡತಿಯ ಕೈಯಲ್ಲಿ ಏನಿದೆ? ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದರೆ ಬೇರೆ ಇದ್ದುಕೊಂಡೇ ಜೀವನಾಂಶ ಕೇಳುವ ಹಕ್ಕನ್ನು 1956ರ ಜೀವನಾಂಶ ಕಾಯ್ದೆಯ 18ನೇ ಕಲಮು ಕೊಡುತ್ತದೆ. ಆತ ಆ ಹಕ್ಕಿಗೆ ಆಧಾರವಾದ ಸ್ಥಿರಾಸ್ತಿಯನ್ನು ಇನ್ನೊಬ್ಬಾಕೆಗೆ ದಾನ ಕೊಟ್ಟುಬಿಟ್ಟರೂ ಆ ಆಸ್ತಿಯ ಆದಾಯದ ಮೇಲೆ ಹೆಂಡತಿಯ ಜೀವನಾಂಶದ ಹಕ್ಕು ಬೆನ್ನಟ್ಟುತ್ತದೆ, ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಕಲಮು ಅದನ್ನು ಕಾಪಾಡಿದೆ. ಪಿತ್ರಾರ್ಜಿತವನ್ನು ಕರಗಿಸುತ್ತಿದ್ದಾನೆ ಎಂದರೆ ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ವಿಭಾಗದ ದಾವೆ ಹಾಕಿ ತಡೆಯಾಜ್ಞೆ ತರಬಹುದು. ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡುವ ಅಭ್ಯಾಸ ಇದ್ದರೆ ವರ್ಗಾವಣೆ ಬೇಗ ಗೊತ್ತಾಗುತ್ತದೆ.

ಮೋಸ ಹೋದವಳು

ಗೊತ್ತಿದ್ದೂ ಬಂದವಳಿಗೂ, ಹೆಂಡತಿ ಇಲ್ಲವೆಂದು ನಂಬಿ ಬಂದವಳಿಗೂ ಕೋರ್ಟುಗಳು ಈಗ ವ್ಯತ್ಯಾಸ ಮಾಡುತ್ತಿವೆ. 1988ರಲ್ಲಿ ಸುಪ್ರೀಂ ಕೋರ್ಟ್ ಎರಡನೇ ಹೆಂಡತಿಗೆ ಜೀವನಾಂಶವೂ ಇಲ್ಲ ಎಂದಿತ್ತು. 2013ರಲ್ಲಿ, ಮೊದಲ ಮದುವೆಯನ್ನು ಮುಚ್ಚಿಟ್ಟು ಮದುವೆಯಾದ ಗಂಡಸು ತನ್ನ ಮೋಸದ ಲಾಭ ತಾನೇ ಪಡೆಯುವಂತಿಲ್ಲ, ಜೀವನಾಂಶದ ಮಟ್ಟಿಗೆ ಆಕೆ ಹೆಂಡತಿಯೇ ಎಂದಿತು. 2025ರ ಫೆಬ್ರವರಿಯಲ್ಲಿ ಮೂವರ ಪೀಠ ಇನ್ನೂ ಮುಂದೆ ಹೋಗಿ, ಮದುವೆ ಅನೂರ್ಜಿತವೆಂದು ಘೋಷಣೆಯಾದರೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಶಾಶ್ವತ ಜೀವನಾಂಶ ಕೊಡಬಹುದು, ಅದು ಆಯಾ ಪ್ರಕರಣದ ಸಂಗತಿ ಮತ್ತು ಇಬ್ಬರ ನಡವಳಿಕೆ ನೋಡಿ ತೀರ್ಮಾನಿಸುವ ವಿಷಯ ಎಂದಿತು. ಇವೆಲ್ಲ ಜೀವನಾಂಶದ ತೀರ್ಪುಗಳು, ಪಾಲಿನವಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು ಈ ಇಡೀ ಲೆಕ್ಕವನ್ನು ಮರೆಯಬೇಕಾಗಬಹುದು. ಆಸ್ಟ್ರೇಲಿಯಾದ ಕುಟುಂಬ ಕಾಯ್ದೆಯಲ್ಲಿ ಒಬ್ಬರಿಗೆ ಮದುವೆಯಾಗಿ ಗಂಡ ಅಥವಾ ಹೆಂಡತಿ ಇದ್ದರೂ ಇನ್ನೊಬ್ಬರ ಜೊತೆಗಿನ ಸಂಬಂಧವನ್ನು ಸಂಸಾರವೆಂದು ಗುರುತಿಸಲು ಅಡ್ಡಿಯಿಲ್ಲ. ಸಾಮಾನ್ಯವಾಗಿ ಎರಡು ವರ್ಷ ಒಟ್ಟಿಗೆ ಬಾಳಿದ್ದರೆ, ಅಥವಾ ಮಗು ಇದ್ದರೆ, ಆಸ್ತಿ ಹಂಚಿಕೆಯನ್ನೇ ಕೇಳಬಹುದು. ಇಂಗ್ಲೆಂಡಿನಲ್ಲಿ 1975ರ ಕಾಯ್ದೆಯೊಂದು, ಸತ್ತವನ ದುಡ್ಡಿನಲ್ಲಿ ಬದುಕುತ್ತಿದ್ದವರು ಯಾರೇ ಆಗಿರಲಿ ಆತನ ಆಸ್ತಿಯಿಂದ ನೆರವು ಕೇಳಲು ಬಿಡುತ್ತದೆ. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ನಾಗರಿಕ ಸಂಹಿತೆ ಸಹಜೀವನವನ್ನು ನೋಂದಾಯಿಸಿಕೊಳ್ಳುತ್ತದೆ, ಆದರೆ ಒಬ್ಬರಿಗೆ ಮದುವೆಯಾಗಿದ್ದರೆ ನೋಂದಣಿ ಇಲ್ಲ.

ಹಾಗಾದರೆ ನಮ್ಮಲ್ಲಿ ಎರಡನೇ ಮನೆಯಾಕೆಗೆ ಪಾಲು ನ್ಯಾಯವೇ? ಆಸ್ಟ್ರೇಲಿಯಾದ ದಾರಿ ನಮಗೆ ಹೊಂದುತ್ತದೆಂದು ನನಗೆ ಅನ್ನಿಸುವುದಿಲ್ಲ, ಹೆಂಡತಿಗೇ ಇಲ್ಲದ ಪಾಲನ್ನು ಇನ್ನೊಬ್ಬಾಕೆಗೆ ಕೊಡುವುದು ತಲೆಕೆಳಗಾದ ಕೆಲಸ. ಮೊದಲು ಹೆಂಡತಿಗೆ ಗೋವಾದಂಥ ಹಕ್ಕು ಬರಲಿ. ಆದರೆ ಎರಡನೇ ಮನೆಯಾಕೆ ಹೊಲದಲ್ಲಿ, ಅಂಗಡಿಯಲ್ಲಿ ದುಡಿದದ್ದು, ತನ್ನ ಸಂಬಳದಿಂದ ಆತನ ಮನೆಯ ಕಂತು ಕಟ್ಟಿದ್ದು ಬೇರೆ. ಅದನ್ನು ಕೇಳಲು ಸಂಬಂಧದ ಹೆಸರು ಬೇಕಾಗಿಲ್ಲ, ಅದು ದುಡ್ಡಿನ ವ್ಯವಹಾರ. ಇಬ್ಬರೂ ಹಣ ಹಾಕಿ ಜಂಟಿ ಹೆಸರಿನಲ್ಲಿ ಕೊಂಡ ಆಸ್ತಿಯಲ್ಲಿ, ಬೇರೆ ಕರಾರಿಲ್ಲದಿದ್ದರೆ, ಹಾಕಿದ ಹಣದ ಅನುಪಾತದಲ್ಲಿ ಹಕ್ಕು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮು ಹೇಳುತ್ತದೆ. ವ್ಯವಹಾರವಾದರೆ ಪಾಲುದಾರಿಕೆ ಪತ್ರ. ಹಣ ಕೊಟ್ಟದ್ದು ನಗದಾಗಿ ಅಲ್ಲ, ಖಾತೆಯಿಂದ ಖಾತೆಗೆ.

ಸಾಲವೆಂದು ಕೊಟ್ಟಿದ್ದರೆ ಒಂದು ಎಚ್ಚರಿಕೆ ಬೇಕು. ಕೈಸಾಲ ವಸೂಲಿಯ ದಾವೆಗೆ ಅವಧಿ ಮೂರು ವರ್ಷ, ಸಾಮಾನ್ಯವಾಗಿ ಕೊಟ್ಟ ದಿನದಿಂದಲೇ ಎಣಿಕೆ ಶುರು. ಸಂಬಂಧ ಚೆನ್ನಾಗಿರುವಾಗ ಯಾರೂ ದಾವೆ ಹಾಕುವುದಿಲ್ಲ, ಕೆಟ್ಟಾಗ ಅವಧಿ ಮುಗಿದಿರುತ್ತದೆ. ಮೂರು ವರ್ಷ ತುಂಬುವ ಮೊದಲು ‘ಇಷ್ಟು ಹಣ ಕೊಡಬೇಕಾಗಿದೆ’ ಎಂದು ಆತನಿಂದ ಬರೆಸಿ ಸಹಿ ಹಾಕಿಸಿಕೊಂಡರೆ ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ.